ಹೊಯ್ ಅಂದವರು ಕೋಲೂ ಕೊಡಬೇಕು

2022ರ ಅಕ್ಟೋಬರ್ 19ಕ್ಕೆ ಬೇಲೂರು, ಹಳೇಬೀಡು ಎರಡೂ ನನ್ನ ಲ್ಯಾಪ್‌ಟಾಪಿಗೆ ಬರ್ತಾ ಇವೆ. ತಮಾಷೆ ಅಲ್ಲ. ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಅನ್ನೋ ಗೇಮ್ 2017ರ ಆಗಸ್ಟಿನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದಿತ್ತು. ಕ್ಲೋಯಿ ಫ್ರೇಜರ್ ಮತ್ತು ನದೀನ್ ರಾಸ್ ಅಂತ ಇಬ್ಬರು ಹೆಂಗಸರು ಪಶ್ಚಿಮ ಘಟ್ಟದ ಕಾಡಿನಲ್ಲಿ ಜೀಪ್ ಓಡಿಸಿಕೊಂಡು, ಗೋಡೆ ಹತ್ತಿಕೊಂಡು, ಹೊಯ್ಸಳರ ಕಾಲದ ಗಣೇಶನ ದಂತವನ್ನು ಹುಡುಕೋ ಕಥೆ. ಈಗ ಐದು ವರ್ಷ ಆದಮೇಲೆ ಅದನ್ನು ‘ಅನ್‌ಚಾರ್ಟೆಡ್ 4’ರ ಜೊತೆ ಸೇರಿಸಿ, ‘ಲೆಗಸಿ ಆಫ್ ಥೀವ್ಸ್ ಕಲೆಕ್ಷನ್’ ಅಂತ ಹೆಸರಿಟ್ಟು ಪಿಸಿಗೆ ತರ್ತಾ ಇದ್ದಾರೆ. ನನ್ನ ಹತ್ತಿರ ಪ್ಲೇಸ್ಟೇಷನ್ ಯಾವತ್ತೂ ಇರಲಿಲ್ಲ. ಹಾಗಾಗಿ ಈ ಐದು ವರ್ಷ ಬೇರೆಯವರು ಆಡೋ ವಿಡಿಯೋಗಳನ್ನೂ ನೋಡದೆ, ಮದುವೆಗೆ ಮುಂಚೆ ಹುಡುಗನ ಫೋಟೋ ನೋಡಲ್ಲ ಅಂತ ಹಟ ಹಿಡಿದವಳ ಥರ ಕಾದಿದ್ದೀನಿ.

ನಾನು ಅರಸೀಕೆರೆಯವಳು. ನಮ್ಮೂರಿಂದ ಜಾವಗಲ್ ಮೇಲೆ ಹೋದರೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ಮನೆಗೆ ಯಾರೇ ನೆಂಟರು ಬರಲಿ, ಎರಡನೇ ದಿನ ಪುಳಿಯೋಗರೆ ಕಟ್ಟಿಕೊಂಡು ಅವರನ್ನು ಅಲ್ಲಿಗೆ ಕರ್ಕೊಂಡು ಹೋಗೋದು ನಮ್ಮ ಮನೆಯ ನಿಯಮ. ಗೇಮಿನಲ್ಲಿ ಅದು ಕಾಡು ನುಂಗಿಹಾಕಿದ, ಯಾರಿಗೂ ಸಿಗದ ಸಾಮ್ರಾಜ್ಯ. ಹುಡುಕೋಕೆ ನಕ್ಷೆ ಬೇಕು, ಹಗ್ಗ ಬೇಕು, ಪಿಸ್ತೂಲು ಬೇಕು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದರೆ ಪ್ಲಾಟ್‌ಫಾರಂ ನಂಬರ್ ಹೇಳ್ತಿದ್ರು. ಅದಿರಲಿ. 2022ರಲ್ಲೇ ಹೊಯ್ಸಳ ದೇವಾಲಯಗಳ ಹೆಸರು ಯುನೆಸ್ಕೊ ಪಟ್ಟಿಗೆ ನಾಮನಿರ್ದೇಶನವಾಗಿ ಹೋಗಿತ್ತು. ಪ್ಯಾರಿಸ್‌ನವರು ಒಪ್ಪೋದಕ್ಕೆ ಮುಂಚೆಯೇ ಗೇಮಿನವರು ಒಪ್ಪಿದ್ದಾರಲ್ಲ ಅಂತ ಒಳಗೊಳಗೇ ಹೆಮ್ಮೆ ಇದೆ.

ಆದರೆ ಈಗ ನನ್ನ ತಲೆ ತಿಂತಾ ಇರೋದು ಕಥೆ ಅಲ್ಲ, ಗ್ರಾಫಿಕ್ಸ್ ಅಲ್ಲ, ನೂರು ಜಿಬಿ ದಾಟೋ ಡೌನ್‌ಲೋಡೂ ಅಲ್ಲ. ಕಂಟ್ರೋಲ್ಸ್.

ಗೇಮ್ ಆಡದವರಿಗೆ ಒಂದೆರಡು ಮಾತು. ಈ ಆಟವನ್ನು ಮಾಡಿದ್ದು ಹೆಬ್ಬೆರಳಿಗಾಗಿ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಎರಡು ಪುಟ್ಟ ಸ್ಟಿಕ್ ಇರುತ್ತವೆ. ಸ್ವಲ್ಪ ತಳ್ಳಿದರೆ ಪಾತ್ರ ನಿಧಾನಕ್ಕೆ ನಡೀತಾಳೆ, ಪೂರ್ತಿ ತಳ್ಳಿದರೆ ಓಡ್ತಾಳೆ. ಗೋಡೆ ಹತ್ತುವಾಗ ಸ್ಟಿಕ್ ಯಾವ ಕಡೆ ವಾಲುತ್ತೋ ಆ ಕಡೆಗೇ ಅವಳ ಕೈ ಚಾಚುತ್ತೆ, ಮುಂದಿನ ಕಲ್ಲು ಸಿಗುತ್ತಾ ಇಲ್ವಾ ಅಂತ ತಡಕಾಡುತ್ತೆ. ಕೀಬೋರ್ಡಿನಲ್ಲಿ ಈ ವಾಲೋದು ಅನ್ನೋದೇ ಇಲ್ಲ. ಕೀ ಒತ್ತಿದೆ, ಅಥವಾ ಒತ್ತಿಲ್ಲ. ಡಬ್ಲ್ಯೂ, ಎ, ಎಸ್, ಡಿ ನಾಲ್ಕು ಕೀ ಸೇರಿಸಿದರೂ ಸಿಗೋದು ಎಂಟೇ ದಿಕ್ಕು. ಗುರಿ ಇಡೋಕೆ ಮೌಸ್ ಸ್ಟಿಕ್ಕಿಗಿಂತ ಎಷ್ಟೋ ಮೇಲು, ಒಪ್ತೀನಿ. ಪ್ಲೇಸ್ಟೇಷನ್ 4ರಲ್ಲಿ ಈ ಆಟ ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ ಓಡ್ತಿತ್ತು. ಒಳ್ಳೆಯ ಪಿಸಿಯಲ್ಲಿ ಅದರ ಎರಡರಷ್ಟು ಓಡಿದರೆ ಒತ್ತಿದ್ದಕ್ಕೂ ಆಗಿದ್ದಕ್ಕೂ ನಡುವಿನ ಅಂತರ ಇನ್ನೂ ಕಮ್ಮಿಯಾಗುತ್ತೆ. ಆದರೆ ಜೀಪ್? ಕೆಸರಿನ ಇಳಿಜಾರಿನಲ್ಲಿ ಸ್ಟೇರಿಂಗನ್ನು ಒಂದಿಷ್ಟೇ ತಿರುಗಿಸು ಅಂತ ‘ಎ’ ಕೀಗೆ ಹೇಗೆ ಹೇಳೋದು?

ಅಳುಕಿಗೆ ಹಳೇ ಕಾರಣಗಳೂ ಇವೆ. ‘ರೆಸಿಡೆಂಟ್ ಈವಿಲ್ 4’ 2007ರಲ್ಲಿ ಪಿಸಿಗೆ ಬಂದಾಗ ಅದಕ್ಕೆ ಮೌಸೇ ಆಗ್ತಿರಲಿಲ್ಲ. ಗುಂಡು ಹಾರಿಸೋ ಆಟಕ್ಕೆ ಮೌಸ್ ಇಲ್ಲ! 2012ರಲ್ಲಿ ‘ಡಾರ್ಕ್ ಸೋಲ್ಸ್’ ಬಂತು. ನೀವು ಕೀಬೋರ್ಡ್ ಹಿಡಿದು ಕೂತಿದ್ರೂ ಪರದೆ ಮೇಲೆ ಎಕ್ಸ್‌ಬಾಕ್ಸ್ ಕಂಟ್ರೋಲರಿನ ಬಟನ್ ಹೆಸರನ್ನೇ ತೋರಿಸಿ ‘ಇದನ್ನ ಒತ್ತು’ ಅಂತಿತ್ತು. ಅದರ ಚಿತ್ರದ ಗುಣಮಟ್ಟವನ್ನೂ ಮೌಸನ್ನೂ ರಿಪೇರಿ ಮಾಡಿದ್ದು ಕಂಪನಿಯಲ್ಲ, ಅಭಿಮಾನಿಗಳು. ಹೀಗೆ ಕೈ ಸುಟ್ಟುಕೊಂಡ ಮಂದಿ ಹೊಸ ಆಟ ಬರುತ್ತೆ ಅಂದ ಕೂಡಲೇ ಟ್ರೇಲರಿನ ಕಾಡು ನೋಡಲ್ಲ, ಸೆಟ್ಟಿಂಗ್ಸ್ ಪುಟದ ಚಿತ್ರ ಹುಡುಕ್ತಾರೆ.

ಆಫೀಸಿನಲ್ಲಿ ಇದನ್ನ ಹೇಳಿಕೊಂಡ್ರೆ ನಗ್ತಾರೆ. ‘ಒಂದು ಕಂಟ್ರೋಲರ್ ಆರ್ಡರ್ ಮಾಡು, ನಾಳೆ ಬರುತ್ತೆ, ಮುಗೀತು.’ ನನ್ನ ಮಟ್ಟಿಗೆ ಅದು ಸರಿಯಾದ ಉತ್ತರವೇ. ಎಲ್ಲರಿಗೂ ಅಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ, ಒಂದು ಆಟದ ಬಟನ್ ಬಗ್ಗೆ ಬೆಳೆದ ಮನುಷ್ಯರು ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂತ ಯೋಚನೆ ಮಾಡಿದ್ದೀರಾ? ನಾನು ಮಾಡಿದ್ದೀನಿ. ಉತ್ತರ ಒಂದು ಕ್ರಿಯಾಪದದಲ್ಲಿ ಸಿಕ್ಕಿತು.

ಆಡೋರ ಮಾತು ಕೇಳಿಸಿಕೊಳ್ಳಿ. ಕ್ಲೋಯಿ ಬಂಡೆಯಿಂದ ಜಾರಿ ಬಿದ್ದರೆ ಯಾರೂ ‘ಅವಳು ಬಿದ್ದಳು’ ಅನ್ನಲ್ಲ. ‘ಅಯ್ಯೋ, ಬಿದ್ದೆ’ ಅಂತಾರೆ. ‘ನಾನು ಸತ್ತೆ, ಇರು, ಇನ್ನೊಂದ್ ಸಲ’ ಅಂತಾರೆ. ಸೋಫಾ ಮೇಲೆ ಚಕ್ಲಿ ತಿಂತಾ ಕೂತಿರೋ ಮನುಷ್ಯ ಸತ್ತೆ ಅಂತಾನೆ, ಪಕ್ಕದಲ್ಲಿರೋರು ಅದನ್ನ ಒಪ್ಪಿಕೊಳ್ತಾರೆ. ಆದರೆ ಬಟನ್ ಒತ್ತಿದರೂ ಅವಳು ಹಾರದೇ ಹೋದರೆ? ಆಗ ವಾಕ್ಯದ ಕರ್ತೃಪದವೇ ಬದಲಾಗುತ್ತೆ. ‘ನಾನು ಒತ್ತಿದೆ, ಅದು ಹಾರಲಿಲ್ಲ.’ ‘ಗೇಮ್ ನನ್ನ ಸಾಯಿಸ್ತು.’ ‘ಬಿದ್ದೆ’ಯಿಂದ ‘ಬೀಳಿಸ್ತು’ಗೆ ಬಂದುಬಿಡ್ತೀವಿ. ಒಳ್ಳೆ ಕಂಟ್ರೋಲ್ಸ್ ಅಂದರೆ ಗೆಲುವನ್ನ ಸುಲಭ ಮಾಡೋದಲ್ಲ. ಸೋಲು ಕೂಡ ನಿಮ್ಮದೇ ಆಗೋ ಹಾಗೆ ಮಾಡೋದು. ನೂರು ಸಲ ಸತ್ತರೂ ಜನ ಖುಷಿಯಿಂದ ಆಡೋ ಆಟಗಳಿವೆ, ಯಾಕಂದ್ರೆ ಆ ನೂರೂ ಸಾವು ಅವರದೇ. ತಮ್ಮದಲ್ಲದ ಒಂದು ಸಾವಿಗೆ ಅವರು ಕಂಟ್ರೋಲರನ್ನ ಗೋಡೆಗೆ ಎಸೀತಾರೆ.

ಇದನ್ನೇ ಯೋಚಿಸ್ತಾ ಇರುವಾಗ ನನಗೆ ನಮ್ಮ ಸಳನ ನೆನಪಾಯ್ತು. ಬೇಲೂರಿನ ಗುಡಿಯ ಬಾಗಿಲ ಪಕ್ಕದಲ್ಲಿ, ಮೆಟ್ಟಿಲ ಹತ್ತಿರ, ಹುಲಿಯ ಜೊತೆ ಸೆಣಸ್ತಾ ನಿಂತಿರೋನು. (ಅದು ಹುಲಿಯೋ ಸಿಂಹವೋ ಅನ್ನೋ ಜಗಳ ಪ್ರತಿ ಪ್ರವಾಸದಲ್ಲೂ ಆಗುತ್ತೆ, ಈಗ ಬೇಡ.) ಕಥೆ ನಿಮಗೆ ಗೊತ್ತು. ಸೊಸೆವೂರು, ಅಂದರೆ ಇವತ್ತಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನೋ ಊರಿನಲ್ಲಿ, ಸುದತ್ತ ಅನ್ನೋ ಜೈನ ಮುನಿಯ ಎದುರಿಗೆ ಹುಲಿ ನುಗ್ಗಿ ಬರುತ್ತೆ. ಮುನಿ ಪಕ್ಕದಲ್ಲಿದ್ದ ಹುಡುಗನಿಗೆ ‘ಹೊಯ್, ಸಳ!’ ಅಂತಾರೆ. ಸಳ ಹೊಡೀತಾನೆ. ಹುಲಿ ಸಾಯುತ್ತೆ. ವಂಶಕ್ಕೆ ಹೊಯ್ಸಳ ಅಂತ ಹೆಸರು ಬರುತ್ತೆ. ಇತಿಹಾಸಕಾರರು ಇದನ್ನ ದಂತಕಥೆ ಅಂತಾರೆ, ಇರಬಹುದು. ಆದರೆ ಆ ಹೆಸರನ್ನ ಒಂದು ಸಲ ಬಿಡಿಸಿ ನೋಡಿ. ಮೊದಲರ್ಧ ಆಜ್ಞೆ, ಎರಡನೇ ಅರ್ಧ ಆಜ್ಞೆಯನ್ನ ನಡೆಸಿದವನು. ‘ಹೊಯ್’ ಅಂದವರೊಬ್ಬರು, ಹೊಯ್ದವನೊಬ್ಬ, ಇಬ್ಬರೂ ಸೇರಿ ಒಂದು ರಾಜವಂಶದ ಹೆಸರು.

ಹುಲಿಯನ್ನ ಕೊಂದಿದ್ದು ಯಾರು? ಮುನಿಯಾ, ಸಳನಾ? ವಿಡಿಯೋ ಗೇಮ್ ಅನ್ನೋದು ಇದೇ ಪ್ರಶ್ನೆ. ನಾನು ಬೆರಳಲ್ಲಿ ‘ಹೊಯ್’ ಅಂತೀನಿ, ಪರದೆ ಮೇಲೆ ಯಾರೋ ಹೊಡೀತಾರೆ. ಒಳ್ಳೆಯ ಆಟದಲ್ಲಿ ಹೇಳಿದವರೂ ಹೊಡೆದವರೂ ಒಬ್ಬರೇ ಆಗಿಬಿಡ್ತಾರೆ. ಕೆಟ್ಟ ಆಟದಲ್ಲಿ ನಾನು ಹೊಯ್ ಹೊಯ್ ಅಂತ ಕೂಗ್ತಾನೇ ಇರ್ತೀನಿ, ಸಳ ಹುಲಿ ಮುಂದೆ ತಲೆ ಕೆರ್ಕೊಂಡು ನಿಂತಿರ್ತಾನೆ.

ಕಥೆಯಲ್ಲಿ ಇನ್ನೊಂದು ಸಣ್ಣ ವಿವರ ಇದೆ, ಶಾಲೆಯಲ್ಲಿ ನಮಗೆ ಹೇಳಿರಲಿಲ್ಲ. ಅದರ ಕೆಲವು ರೂಪಗಳಲ್ಲಿ ಮುನಿ ಬರೀ ಹೊಯ್ ಅನ್ನಲ್ಲ, ತನ್ನ ಕೈಯಲ್ಲಿದ್ದ ಕೋಲನ್ನೂ ಸಳನಿಗೆ ಕೊಡ್ತಾರೆ. ನನಗೆ ಇಡೀ ಕಥೆಯ ನೀತಿ ಅಲ್ಲೇ ಇದೆ ಅನ್ನಿಸುತ್ತೆ. ಬರಿಗೈ ಹುಡುಗನಿಗೆ ಹುಲಿಯನ್ನ ಹೊಡಿ ಅನ್ನೋದು ಆಜ್ಞೆಯಲ್ಲ, ಬಲಿ. ಹೊಣೆ ಕೊಡೋರು ಅದನ್ನ ನಿಭಾಯಿಸೋ ಸಾಧನವನ್ನೂ ಕೊಡಬೇಕು. ಕಾಂಟ್ ಎನ್ನುವ ಜರ್ಮನ್ ತತ್ತ್ವಜ್ಞಾನಿಯ ಹೆಸರಿನಲ್ಲಿ ಓಡಾಡೋ ಒಂದು ವಿಚಾರವೂ ಇದೇ: ಒಬ್ಬ ಮನುಷ್ಯ ಒಂದು ಕೆಲಸ ಮಾಡಲೇಬೇಕು ಅನ್ನೋದಾದರೆ, ಅದು ಅವನ ಕೈಲಿ ಆಗುವಂಥದ್ದಾಗಿರಬೇಕು. ಹಿಡಿತ ಎಷ್ಟೋ ಹೊಣೆ ಅಷ್ಟು.

ಬೇಲೂರಿನಲ್ಲೇ ಇದಕ್ಕೆ ಇನ್ನೊಂದು ಸಾಕ್ಷಿ ಇದೆ. 1117ರಲ್ಲಿ ಆ ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ. ‘ಹೊಯ್’ ಅಂದವನು ಅವನು. ಆದರೆ ವಿಗ್ರಹಗಳ ಪೀಠದಲ್ಲಿ ಹುಡುಕಿದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದವರ ಹೆಸರುಗಳು ಸಿಗುತ್ತವೆ. ಉಳಿ ಹಿಡಿದಿದ್ದು ನಾನು, ಹಾಗಾಗಿ ಇದು ನನ್ನದು. ಚೆನ್ನಾಗಿದ್ದರೂ ನನ್ನದು, ಮೂಗು ಸೊಟ್ಟಗಿದ್ದರೂ ನನ್ನದು. ಒಳ್ಳೆಯ ಹತಾರ ಕೈಯಲ್ಲಿದ್ದವರು ಮಾತ್ರ ಹಾಗೆ ಹೆಸರು ಹಾಕೋಕೆ ಸಾಧ್ಯ.

ಈಗ ನಮ್ಮ ನಿಮ್ಮ ಕೆಲಸದ ಮೇಜಿಗೆ ಬನ್ನಿ. ರಾತ್ರಿ ಎರಡು ಗಂಟೆಗೆ ಫೋನ್ ಬಡ್ಕೊಳ್ಳುತ್ತೆ, ಸರ್ವರ್ ಬಿದ್ದಿದೆ. ಆನ್-ಕಾಲ್ ನೀವು. ಸರಿ ಮಾಡೋಕೆ ಬೇಕಾದ ಆಕ್ಸೆಸ್ ನಿಮಗಿಲ್ಲ, ಅದು ಇರೋ ಟೀಮಿನವರು ಮಲಗಿದ್ದಾರೆ. ಬೆಳಗ್ಗೆ ಮೀಟಿಂಗಿನಲ್ಲಿ ‘ಇದರ ಓನರ್ ಯಾರು?’ ಅಂದರೆ ಎಲ್ಲರೂ ನಿಮ್ಮನ್ನೇ ನೋಡ್ತಾರೆ. ಓನರ್ ಅಂತೆ! ಒಂದು ಬಟನ್ನೂ ಇಲ್ಲದ ಓನರ್. ವರ್ಷದ ಕೊನೆಗೆ ರೇಟಿಂಗ್ ಕೊಡುವಾಗ ‘ಓನರ್‌ಶಿಪ್ ಇನ್ನೂ ಬೆಳೆಸಿಕೊಳ್ಳಬೇಕು’ ಅಂತ ಬರೀತಾರೆ. ನಮ್ಮ ಪೀಳಿಗೆ ಸಂಜೆ ಮನೆಗೆ ಬಂದು ಯಾಕೆ ಇಷ್ಟು ಗೇಮ್ ಆಡುತ್ತೆ ಅಂತ ಹಿರಿಯರು ಕೇಳ್ತಾರಲ್ಲ, ನನ್ನ ಉತ್ತರ ಇದು: ಅಲ್ಲಿ ಒತ್ತಿದ್ದಕ್ಕೂ ಆಗಿದ್ದಕ್ಕೂ ಸಂಬಂಧ ಇದೆ. ದಿನವಿಡೀ ಎಲ್ಲೂ ಸಿಗದ ಒಂದು ನ್ಯಾಯ ಆ ಎರಡು ಗಂಟೆ ಸಿಗುತ್ತೆ. ಅದೂ ಕೆಟ್ಟುಹೋದರೆ ಸಿಟ್ಟು ಬರದೇ ಇರುತ್ತಾ?

ಆಫೀಸಿನ ಅನ್ಯಾಯಕ್ಕೆ ಸಂಬಳ ಅಂತ ಒಂದು ಮುಲಾಮಾದರೂ ಇದೆ. ನಮ್ಮ ಚಿಕ್ಕಮ್ಮನ ಮಗನಿಗೆ ಅದೂ ಇರಲಿಲ್ಲ.

ಅವನು ನನಗಿಂತ ಆರು ವರ್ಷ ಚಿಕ್ಕವನು. ಅರಸೀಕೆರೆಯ ಒಂದು ಸೈಬರ್ ಸೆಂಟರಿನಲ್ಲಿ ಒಂದೇ ಕೀಬೋರ್ಡನ್ನು ಇಬ್ಬರೂ ಹಂಚಿಕೊಂಡು ಆಡ್ತಿದ್ವಿ, ಬಾಣದ ಗುರುತಿನ ಕೀ ನನ್ನದು, ಸ್ಪೇಸ್ ಬಾರ್ ಅವನದು. ನಾನು ಇಂಜಿನಿಯರಿಂಗ್ ಅಂತ ಬೆಂಗಳೂರಿಗೆ ಬಂದೆ. ಅವನು ಐಟಿಐ ಅರ್ಧಕ್ಕೆ ಬಿಟ್ಟು, ನಮ್ಮ ಕಡೆಯ ಒಂದು ತೆಂಗಿನ ನಾರಿನ ಮಿಲ್ಲಿಗೆ ಸೇರಿದ. ನಮ್ಮಲ್ಲಿ ಕೊಬ್ಬರಿ ಇದ್ದ ಕಡೆ ಮಟ್ಟೆ ಇದ್ದೇ ಇರುತ್ತೆ, ಮಟ್ಟೆ ಇದ್ದ ಕಡೆ ನಾರು ಬಿಡಿಸೋ ಯಂತ್ರ. ನಾಲ್ಕು ವರ್ಷದ ಹಿಂದೆ, ಮಟ್ಟೆ ತುರುಕುವಾಗ ಅವನ ಶರ್ಟಿನ ತೋಳು ಸಿಕ್ಕಿಕೊಂಡಿತು. ಯಂತ್ರ ನಿಲ್ಲಿಸೋ ಸ್ವಿಚ್ಚು ಇದ್ದಿದ್ದು ಅವನು ನಿಲ್ಲೋ ಜಾಗದಿಂದ ಐದಾರು ಹೆಜ್ಜೆ ದೂರ, ಗೋಡೆ ಮೇಲೆ. ಇನ್ನೊಬ್ಬ ಓಡಿಬಂದು ಆರಿಸೋ ಹೊತ್ತಿಗೆ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು.

ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ, ಊರಿನ ಕಟ್ಟೆ ಮೇಲೆ, ಮನೆಯಲ್ಲೂ ಎಲ್ಲರ ಬಾಯಲ್ಲಿ ಒಂದೇ ಮಾತು. ‘ಹುಡುಗ ಹುಷಾರಾಗಿರಬೇಕಿತ್ತು.’ ‘ಗಮನ ಎಲ್ಲಿತ್ತೋ.’ ಮಿಲ್ಲಿನವರೂ ಅದನ್ನೇ ಹೇಳಿ, ಆಸ್ಪತ್ರೆ ಖರ್ಚಿನಲ್ಲಿ ಒಂದು ಪಾಲು ಕೊಟ್ಟು ಕೈ ತೊಳ್ಕೊಂಡ್ರು. ಅವನೂ ಅದನ್ನೇ ನಂಬಿಬಿಟ್ಟಿದ್ದ. ‘ನಂದೇ ತಪ್ಪು ಕಣಕ್ಕ’ ಅಂತ ಬ್ಯಾಂಡೇಜ್ ಕಟ್ಟಿದ ಕೈಯನ್ನ ಬೆನ್ನ ಹಿಂದೆ ಇಟ್ಕೊಂಡು ಹೇಳ್ತಿದ್ದ. ಅವನಿಗೆ ಏನು ಹೇಳಬೇಕು ಅಂತ ಆಗ ನನಗೆ ಮಾತು ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ಅವನಿಗೆ ‘ಹೊಯ್’ ಅಂದವರು ಕೋಲು ಕೊಟ್ಟಿರಲಿಲ್ಲ. ಸ್ವಿಚ್ಚು ಅವನ ಕೈಗೆ ಸಿಗೋ ಜಾಗದಲ್ಲಿ ಇದ್ದಿದ್ದರೆ, ಆಗಲೂ ಅವನು ಒತ್ತದೇ ಇದ್ದಿದ್ದರೆ, ತಪ್ಪು ಯಾರದು ಅಂತ ಮಾತಾಡಬಹುದಿತ್ತು. ಕೈಗೆ ಎಟುಕದ ಬಟನ್ನಿಗೆ ಯಾರೂ ಹೊಣೆಯಾಗಲ್ಲ. ‘ಬಿದ್ದೆ’ ಅಲ್ಲ ಅದು, ‘ಬೀಳಿಸ್ತು’.

ಅವನು ಆಟ ಬಿಟ್ಟಿಲ್ಲ. ಮೊಬೈಲಿನಲ್ಲಿ ಹೆಬ್ಬೆರಳಷ್ಟೇ ಸಾಕಲ್ಲ, 2022ರ ಜುಲೈನಲ್ಲಿ ಬಿಜಿಎಂಐ ಪ್ಲೇ ಸ್ಟೋರಿಂದ ಮಾಯವಾಗೋ ತನಕ ಅದರಲ್ಲಿ ನನ್ನನ್ನ ದಿನಾ ಸೋಲಿಸ್ತಿದ್ದ. ಕಂಪ್ಯೂಟರಿನಲ್ಲಿ ಕಷ್ಟ. ಮೌಸ್ ಕ್ಲಿಕ್ ಮಾಡೋದೇ ಆ ಎರಡು ಬೆರಳು. ಹಾಗಾಗಿ ಅವನು ಮೌಸನ್ನ ಎಡಗೈಗೆ ತಗೊಂಡಿದ್ದಾನೆ. ಬಲಗೈಯ ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳಿಗೆ ಕೀಬೋರ್ಡಿನ ಬಲತುದಿಯ ಅಂಕಿಗಳ ಕೀ ಹೊಂದಿಸಿಕೊಂಡಿದ್ದಾನೆ. ಕಂಟ್ರೋಲರ್ ಕೂಡ ಅವನಿಗಾಗಲ್ಲ, ಅದರ ಬೆನ್ನಿನ ಟ್ರಿಗರ್ ಒತ್ತಬೇಕಾದ್ದು ತೋರುಬೆರಳೇ. ಅವನ ಪಾಲಿಗೆ ಒಂದು ಆಟ ಇದೆಯೋ ಇಲ್ಲವೋ ಅನ್ನೋದು ಒಂದೇ ಪ್ರಶ್ನೆ ಮೇಲೆ ನಿಂತಿದೆ: ಎಲ್ಲಾ ಕೀಗಳನ್ನೂ ಬದಲಾಯಿಸೋಕೆ ಬಿಡ್ತಾರಾ? ಕೆಲವು ಆಟದಲ್ಲಿ ಎಲ್ಲವನ್ನೂ ಬದಲಾಯಿಸಬಹುದು, ಕೆಲವದರಲ್ಲಿ ಅರ್ಧ ಮಾತ್ರ. ಅರ್ಧ ಅಂದರೆ ಅವನಿಗೆ ಸೊನ್ನೆ.

ನಾವು ‘ಡೀಫಾಲ್ಟ್’ ಅಂತೀವಲ್ಲ, ಅದು ಪ್ರಕೃತಿ ನಿಯಮ ಅಲ್ಲ, ಯಾರದೋ ಒಂದು ಕೈಯ ಅಳತೆ. ಡಬ್ಲ್ಯೂ-ಎ-ಎಸ್-ಡಿ ಕೂಡ ದೇವರು ಕೊಟ್ಟಿದ್ದಲ್ಲ. ತೊಂಬತ್ತರ ದಶಕದಲ್ಲಿ ‘ಕ್ವೇಕ್’ ಆಡಿ ಹೆಸರು ಮಾಡಿದ ಡೆನಿಸ್ ಫಾಂಗ್ ಅನ್ನೋ ಹುಡುಗ ಆ ಕೀಗಳನ್ನ ಬಳಸಿ ಗೆಲ್ತಾ ಹೋದ, ಜಗತ್ತು ಅವನ ಕೈಯನ್ನ ನಕಲು ಮಾಡ್ತು. ಹತ್ತೂ ಬೆರಳಿರೋ, ಬಲಗೈ ಬಳಸೋರ ಅಳತೆ ಅದು. ನಮಗೆ ಸರಿಹೋಗುತ್ತೆ, ಹಾಗಾಗಿ ನಮಗೆ ಕಾಣಲ್ಲ. ಸರಿಹೋಗೋ ಚಪ್ಪಲಿ ನೆನಪಿಗೇ ಬರಲ್ಲವಲ್ಲ, ಹಾಗೆ.

ಇದೇ ಅನ್‌ಚಾರ್ಟೆಡ್ ಸರಣಿಯಲ್ಲಿ ಇದರ ಒಂದು ನಿಜ ಕಥೆ ಇದೆ. 2009ರ ‘ಅನ್‌ಚಾರ್ಟೆಡ್ 2’ ಆಡ್ತಿದ್ದ ಜಾಶ್ ಸ್ಟ್ರಾಬ್ ಅನ್ನೋ ಅಮೆರಿಕದ ಅಂಗವಿಕಲ ಆಟಗಾರರು, ಒಂದು ಬಟನ್ನನ್ನು ಬಿಡುವಿಲ್ಲದೆ ಪಟಪಟ ಒತ್ತಬೇಕಾದ ಜಾಗಕ್ಕೆ ಬಂದು ನಿಂತುಬಿಟ್ಟರು. ಒಗಟು ಗೊತ್ತಿತ್ತು, ದಾರಿ ಗೊತ್ತಿತ್ತು, ಬೆರಳು ಅಷ್ಟು ವೇಗ ಹೋಗ್ತಿರಲಿಲ್ಲ. ಅವರು ಅದನ್ನ ನಾಟಿ ಡಾಗ್ ಕಂಪನಿಯವರಿಗೆ ಹೇಳಿದರು. ಕಂಪನಿ ಕೇಳಿಸಿಕೊಂಡಿತು. 2016ರ ‘ಅನ್‌ಚಾರ್ಟೆಡ್ 4’ರಲ್ಲಿ ಪದೇ ಪದೇ ಒತ್ತೋ ಬದಲು ಒತ್ತಿ ಹಿಡಿದರೆ ಸಾಕು ಅನ್ನೋ ಆಯ್ಕೆ ಬಂತು, ಕ್ಯಾಮೆರಾಗೆ, ಗುರಿಗೆ ಸಹಾಯ ಬಂತು. 2020ರಲ್ಲಿ ಅದೇ ಕಂಪನಿಯ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಇಂಥ ಆಯ್ಕೆಗಳು 60 ದಾಟಿದವು. ಒಬ್ಬರು ‘ಇದು ನನ್ನ ಸೋಲಲ್ಲ, ನಿಮ್ಮ ಬಾಗಿಲು ಕಿರಿದು’ ಅಂದರು. ಇನ್ನೊಬ್ಬರು ಬಾಗಿಲು ಅಗಲ ಮಾಡಿದರು. ನಮ್ಮ ಮಿಲ್ಲಿನಲ್ಲಿ ಇಷ್ಟು ಆಗಿದ್ದರೆ ಸಾಕಿತ್ತು.

ಇಲ್ಲಿ ಕೆಲವರು ಒಂದು ತಕರಾರು ತೆಗೀತಾರೆ, ಅದು ಸುಳ್ಳಲ್ಲ. ‘ಹೀಗೆ ಎಲ್ಲದಕ್ಕೂ ಸಹಾಯ ಕೊಟ್ಟರೆ ಆಡಿದ್ದು ನೀನೋ ಕಂಪ್ಯೂಟರೋ? ಆಗ ಗೆಲುವು ನಿನ್ನದು ಹೇಗಾಗುತ್ತೆ?’ ಇದನ್ನ ಹೇಳೋರಿಗೆ ಗೊತ್ತಿಲ್ಲದ ವಿಷಯ ಅಂದರೆ ಅವರೂ ದಿನಾ ಸಹಾಯ ತಗೋತಾ ಇದ್ದಾರೆ. ಅನ್‌ಚಾರ್ಟೆಡ್‌ನಲ್ಲಿ ನೀವು ಸ್ವಲ್ಪ ಓರೆಯಾಗಿ ಹಾರಿದರೂ ಕೈ ಆ ಕಲ್ಲಿನ ಅಂಚಿಗೇ ಹೋಗಿ ಅಂಟಿಕೊಳ್ಳುತ್ತೆ. ಎಷ್ಟೋ ಆಟಗಳಲ್ಲಿ ಪಾತ್ರದ ಕಾಲು ಅಂಚು ದಾಟಿ ಗಾಳಿಯಲ್ಲಿದ್ದರೂ, ಒಂದು ರೆಪ್ಪೆ ಹೊಡೆಯೋಷ್ಟು ಹೊತ್ತು ‘ಹಾರು’ ಬಟನ್ ಕೆಲಸ ಮಾಡುತ್ತೆ. ಅದಕ್ಕೆ ಕೊಯೋಟಿ ಟೈಮ್ ಅಂತ ಹೆಸರು. ನಿಖರವಾಗಿ ಅಳೆದರೆ ನಾವೆಲ್ಲ ಯಾವತ್ತೋ ಬಿದ್ದಿರ್ತಿದ್ವಿ.

ಹಾಗಾದರೆ ನಮ್ಮ ಹಿಡಿತವೇ ಸುಳ್ಳಾ? ನನಗೆ ಹಾಗನ್ನಿಸಲ್ಲ. ನಾನು ಸೈಕಲ್ ಕಲಿಯುವಾಗ ಅಪ್ಪ ಹಿಂದಿನ ಕ್ಯಾರಿಯರ್ ಹಿಡಿದು ಓಡಿಬರ್ತಿದ್ದರು. ಆಗಲೂ ತುಳಿದವಳು ನಾನೇ, ಹ್ಯಾಂಡಲ್ ತಿರುಗಿಸಿದವಳು ನಾನೇ. ಅಪ್ಪ ಹಿಡಿದಿದ್ದು ನಾನು ಎಲ್ಲಿಗೆ ಹೋಗಬೇಕು ಅಂದುಕೊಂಡಿದ್ದೆನೋ ಅಲ್ಲಿಗೆ ಹೋಗಲಿ ಅಂತ. ಅವರೇ ಹ್ಯಾಂಡಲ್ ಕಿತ್ತುಕೊಂಡು ತಮಗೆ ಬೇಕಾದ ಬೀದಿಗೆ ತಿರುಗಿಸಿದ್ದರೆ ಅದು ಬೇರೆ ಮಾತು. ನನ್ನ ಉದ್ದೇಶವನ್ನ ದಡ ಮುಟ್ಟಿಸೋ ಸಹಾಯ ನನ್ನ ಕೆಲಸವನ್ನ ನನ್ನಿಂದ ಕಸಿಯಲ್ಲ. ನನ್ನ ಉದ್ದೇಶದ ಜಾಗದಲ್ಲಿ ತನ್ನದನ್ನ ಕೂರಿಸೋ ಸಹಾಯ ಕಸಿಯುತ್ತೆ. ಆಟಕ್ಕೂ, ಅಪ್ಪ-ಅಮ್ಮನಿಗೂ, ಮ್ಯಾನೇಜರಿಗೂ ಇದೇ ಅಳತೆಗೋಲು ಸಾಕು ಅಂತ ನನ್ನ ಅಭಿಪ್ರಾಯ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ಅನುಕೂಲ ಆಗ್ತಿತ್ತು. ಆದರೆ ಹಿಡಿತ ಇದ್ದಷ್ಟು ಹೊಣೆ ಅಂದಮೇಲೆ ಅದನ್ನ ತಿರುಗಿಸಿಯೂ ಓದಬೇಕು. ಬಟನ್ ಸರಿಯಾಗಿ ಕೆಲಸ ಮಾಡಿದರೆ? ಆಗ ಹಾರಿದ್ದು ನಾನು, ಗೋಡೆ ಹತ್ತಿದ್ದು ನಾನು, ಗುಂಡು ಹಾರಿಸಿದ್ದೂ ನಾನು. ಅನ್‌ಚಾರ್ಟೆಡ್ ಆಟಗಳಲ್ಲಿ ನಾಯಕರು ಜೋಕ್ ಹೊಡೀತಾ, ನಗ್ತಾ, ಲೆಕ್ಕ ಇಲ್ಲದಷ್ಟು ಜನರನ್ನ ಕೊಲ್ತಾರೆ. ಕಥೆ ಹೇಳೋ ಮನುಷ್ಯನೇ ಬೇರೆ, ಆಟ ಆಡಿಸೋ ಮನುಷ್ಯನೇ ಬೇರೆ ಅನ್ನೋ ಈ ವಿರೋಧಕ್ಕೆ ಕ್ಲಿಂಟ್ ಹಾಕಿಂಗ್ ಅನ್ನೋ ಗೇಮ್ ವಿನ್ಯಾಸಕ 2007ರಲ್ಲಿ ‘ಲೂಡೊನರೇಟಿವ್ ಡಿಸೊನೆನ್ಸ್’ ಅಂತ ಹೆಸರಿಟ್ಟರು. ನಾಟಿ ಡಾಗ್‌ನವರು ಎಂಥ ಕಿಲಾಡಿಗಳು ಅಂದರೆ, ‘ಅನ್‌ಚಾರ್ಟೆಡ್ 4’ರಲ್ಲಿ 1,000 ಶತ್ರುಗಳನ್ನ ಮುಗಿಸಿದವರಿಗೆ ಅದೇ ಹೆಸರಿನ ಪದಕ ಇಟ್ಟಿದ್ದಾರೆ. ಟೀಕೆಯನ್ನೇ ಬಹುಮಾನ ಮಾಡಿ ಹಂಚಿದ್ದಾರೆ.

‘ಲಾಸ್ಟ್ ಲೆಗಸಿ’ಯಲ್ಲಿ ಎದುರಿಗೆ ಬರೋರು ಅಸವ್ ಅನ್ನೋ ಬಂಡಾಯದ ನಾಯಕನ ಕಡೆಯವರು. ಹೊಯ್ಸಳರ ಕಂಬದ ಹಿಂದೆ ಬಚ್ಚಿಟ್ಟುಕೊಂಡು, ನಮ್ಮ ಕಡೆಯವರಂಥ ಮುಖ ಇರೋರ ಮೇಲೆ ನಾನು ಗುಂಡು ಹಾರಿಸ್ತೀನಿ. ಗುರಿ ಸರಿಯಾಗಿ ಕೂರಲಿ ಅಂತ ಹದಿನೈದು ದಿನದಿಂದ ಚಿಂತೆ ಮಾಡ್ತಾ ಇದ್ದೀನಿ. ಯಾರ ಮೇಲೆ, ಯಾಕೆ ಅಂತ ಒಂದು ನಿಮಿಷವೂ ಮಾಡಿರಲಿಲ್ಲ. ‘ಬರೀ ಆಟ’ ಅನ್ನಬಹುದು. ಕೊಲೆ ಅಲ್ಲ ಅದು, ಯಾರಿಗೂ ಗಾಯ ಆಗಲ್ಲ, ಒಪ್ತೀನಿ. ಆದರೆ ‘ಎಂಥ ಜಂಪ್ ಹೊಡೆದೆ ನೋಡು’ ಅಂತ ಎದೆ ಉಬ್ಬಿಸೋಕೆ ಅದು ನನ್ನದಾದರೆ, ಇನ್ನೊಂದು ನನ್ನದಲ್ಲ ಅನ್ನೋಕೆ ಆಗಲ್ಲ. ಒಂದೇ ಕೈ, ಒಂದೇ ಮೌಸ್. ನಾನು ಆಟ ಬಿಡಲ್ಲ. ಕ್ಲೋಯಿಗೆ ಹುಲ್ಲಿನ ಮರೆಯಲ್ಲಿ ಸದ್ದಿಲ್ಲದೆ ಜಾರಿ ಹೋಗೋ ದಾರಿಗಳೂ ಇವೆ. ಎಲ್ಲ ಕಡೆ ಆಗಲ್ಲ, ಆದ ಕಡೆ ಅದನ್ನೇ ಹಿಡೀತೀನಿ. ಹಿಡಿತ ಕೇಳಿ ತಗೊಂಡ ಮೇಲೆ ಅಷ್ಟಾದರೂ ಮಾಡಬೇಕು ಅನ್ನಿಸುತ್ತೆ.

24ಕ್ಕೆ ದೀಪಾವಳಿ. ಲ್ಯಾಪ್‌ಟಾಪನ್ನ ಊರಿಗೆ ಒಯ್ತಾ ಇದ್ದೀನಿ. ತಮ್ಮ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾನೆ. ಗ್ರಾಫಿಕ್ಸ್ ಹೆಂಗಿದೆ ಅಂತ ಕೇಳಲಿಲ್ಲ. ‘ಅಕ್ಕ, ಕೀ ಎಲ್ಲಾ ಚೇಂಜ್ ಮಾಡಕ್ಕೆ ಬಿಡ್ತಾರಂತಾ?’ ಅಂದ. ಗೊತ್ತಿಲ್ಲ ಕಣೋ, ಬಂದಮೇಲೆ ನೋಡೋಣ ಅಂದೆ. ‘ಆಗ್ಲಿಲ್ಲ ಅಂದ್ರೆ ನೀನು ಆಡು, ನಾನು ದಾರಿ ಹೇಳ್ತೀನಿ. ಬೇಲೂರು ನನಗೆ ನಿನಗಿಂತ ಚೆನ್ನಾಗಿ ಗೊತ್ತು’ ಅಂದ. ಅದೂ ಆಗಬಹುದು. ಆದರೆ ಅದು ನನಗೆ ಬೇಡ. ಇನ್ನೊಬ್ಬರ ಕೈಯಲ್ಲಿ ಆಡಿಸಿಕೊಂಡು ದಾರಿ ಹೇಳೋದು ಅವನಿಗೆ ನಾಲ್ಕು ವರ್ಷದಿಂದ ಅಭ್ಯಾಸ ಆಗಿಹೋಗಿದೆ.

19ರ ರಾತ್ರಿ ಡೌನ್‌ಲೋಡ್ ಮುಗಿದ ಕೂಡಲೇ ಸೆಟ್ಟಿಂಗ್ಸ್ ತೆಗೆದು, ಕಂಟ್ರೋಲ್ಸ್ ಪುಟಕ್ಕೆ ಹೋಗಿ, ಒಂದೊಂದೇ ಕೀಯನ್ನ ಬಲತುದಿಯ ಅಂಕಿಗಳಿಗೆ ಬದಲಾಯಿಸಿ ನೋಡ್ತೀನಿ. ಎಲ್ಲವೂ ಒಪ್ಪಿಕೊಂಡರೆ ಹಬ್ಬದ ದಿನ ಅವನೇ ಆ ಗೋಡೆ ಹತ್ತಲಿ. ಮೊದಲನೇ ಸಲ ಬಿದ್ದೇ ಬೀಳ್ತಾನೆ, ಎಲ್ಲರೂ ಬೀಳ್ತಾರೆ. ಆಗ ಅವನು ‘ನಂದೇ ತಪ್ಪು ಕಣಕ್ಕ’ ಅಂದರೆ ಈ ಸಲ ನಾನು ಹೌದು ಕಣೋ ಅಂತೀನಿ, ಇನ್ನೊಂದ್ ಸಲ ಹತ್ತು ಅಂತೀನಿ.